ಮೂರನೇ ಕೇರಿಯ ಕಾಲುಪಟ್ಟಿ

…ಒಲೆ ಮೇಲೆ, ನೋಕ್, ಹುಡುಗಿ! ಕಾಲಿಗಲ್ಲ, ಒಲೆ ಮೇಲೆ! ನಿನ್ನೆ ಮಧ್ಯಾಹ್ನ, ಊರೆಲ್ಲ ಎಚ್ಚರವಾಗಿರೋ ಹೊತ್ತಿನಲ್ಲೇ, ನಮ್ಮ ಮೂರನೇ ಕೇರಿಯಲ್ಲಿ ಈ ಘಟನೆ ನಡೆದಿದೆ. ಬು ಯೆಕ್ತಿ ಆಟಕ್ಕೆ ಅಂತ ಗಿಣ್ಣಿಗೆ ಕಟ್ಟೋ ಎಡಗಾಲಿನ ಪಟ್ಟೀನ ಎರಡು ಮಡಿಕೆ ಮಾಡಿ, ಅದರಲ್ಲಿ ಬಿಸಿ ಬಾಣಲೆಯ ಕಿವಿ ಹಿಡಿದು ಕೆಳಗೆ ಇಳಿಸಿದಾಳೆ. ಸೋಯಾ ಟೆಂಪೆ ಕರೀತಿದ್ದಳು. ನಾನು ಕಣ್ಣಾರೆ ನೋಡಿದೆ. ಬಲಗಾಲಿಂದು ಎಲ್ಲಮ್ಮಾ ಅಂದ್ರೆ, ಅನ್ನದ ಪಾತ್ರೆ ಕೆಳಗೆ! "ಬಟ್ಟೆ ದಪ್ಪ ಇದೆ ಬು, ಕೈ ಸ್ವಲ್ಪಾನೂ ಸುಡಲ್ಲ" ಅಂತ ನನಗೇ ಶಿಫಾರಸು ಮಾಡ್ತಾಳೆ. ನೀವೂ ಹೀಗೇ ಮಾಡಿ ಬು, ಅಂತ.

ಯಾಕೆ ನಗ್ತೀಯ? ನಗೋ ವಿಷಯ ಅಲ್ಲ, ಕಿನಾಸಿಹ್. ಇವತ್ತು ನಾಲ್ಕು ಗಂಟೆಗೆ ವಾಲಿಬಾಲ್ ಫೈನಲ್. ಐದನೇ ಕೇರಿಯವರ ಎದುರು ನಮ್ಮ ಅಟ್ಯಾಕರ್ ನೆಟ್ ಹತ್ತಿರ ಹಾರಿದಾಗ, ಅವಳ ಕಾಲಿನಿಂದ ಟೆಂಪೆ ವಾಸನೆ ಬರುತ್ತೆ. ಅವರು ಬ್ಲಾಕ್ ಮಾಡೋದು ಬಿಟ್ಟು ಊಟಕ್ಕೆ ಕೂರ್ತಾರೆ.

ಕೂತ್ಕೋ, ಕೂತ್ಕೋ. ಮೊದಲು ಬಾಗಿಲು ಹಾಕು. ಚಿಲಕಾನೂ ಹಾಕು. ಗಾಳಿಗೆ ಬಡ್ಕೊಳ್ಳುತ್ತೆ, ಅದಕ್ಕೆ… ಗಾಳಿ ಇಲ್ವಾ? ಇರಲಿ, ಬರುತ್ತೆ.

ಟೀ ಅಲ್ಲಿದೆ, ನೀನೇ ಬಗ್ಗಿಸ್ಕೋ. ಮನೆಗೆ ಬಂದವರಿಗೆ ಎದ್ದು ಟೀ ಕೊಡದೆ ಇರೋಳಲ್ಲ ನಾನು, ಅದು ನಿನಗೂ ಗೊತ್ತು. ಆದ್ರೆ ನೀನು ಬಂದವಳು ಅಲ್ಲವಲ್ಲ. ಮದುವೆಯಾಗಿ ಈ ಕೇರಿಗೆ ಬಂದು ವರ್ಷವಾಯ್ತು, ಮನೆ ಮಗಳೇ ಆಗಿದೀಯ. ಮನೆ ಮಗಳು ಟೀ ತಾನೇ ಬಗ್ಗಿಸ್ಕೋತಾಳೆ. ಹಾಂ… ಅಷ್ಟೇ ಸಾಕಾ? ಸಕ್ಕರೆ ಹಾಕ್ಕೋ.

ನಿನ್ನನ್ನೇ ಯಾಕೆ ಕರೆಸಿದೆ ಅಂತ ಯೋಚಿಸ್ತಿರಬಹುದು. ನೋಡು, ಈ ತಂಡದಲ್ಲಿ ನನ್ನ ಮಾತು ಕೇಳೋಳು ನೀನೊಬ್ಬಳೇ. ಏನು ಹೇಳಿದ್ರೂ "ಇಂಗಿಹ್, ಬು." ಆಗಲಿ ಅಮ್ಮ, ಅಂತ. ಚೆಂಡು ತಾ ಅಂದ್ರೂ ಇಂಗಿಹ್, ಬೆಂಚಿನ ಮೇಲೆ ಕೂರು ಅಂದ್ರೂ ಇಂಗಿಹ್. ನಿಮ್ಮಮ್ಮ ಚೆನ್ನಾಗಿ ಬೆಳೆಸಿದಾರೆ. ಬು ಯೆಕ್ತೀನೂ ಇಂಗಿಹ್ ಅಂತಾಳೆ, ಇಲ್ಲ ಅಂತಲ್ಲ. ಹಿರಿಯರ ಮುಖಕ್ಕೆ "ಆಗಲ್ಲ" ಅನ್ನೋರು ನಮ್ಮಲ್ಲಿ ಯಾರಿದಾರೆ? ಇಂಗಿಹ್ ಅಂತಾರೆ, ಆಮೇಲೆ ಮಾಡಲ್ಲ. ಅಷ್ಟೇ. ಪಟ್ಟಿ ಕಟ್ಟಿಕೊಳ್ಳಿ ಅಂತ ನಾನು ಹೇಳಿದ ದಿನದಿಂದ ನಮ್ಮ ಹೆಂಗಸರು ಅಂದ ಇಂಗಿಹ್‌ಗಳನ್ನೆಲ್ಲ ಕೂಡಿಟ್ಟಿದ್ರೆ ಒಂದು ಮಸೀದಿ ಕಟ್ಟಬಹುದಿತ್ತು.

ಅಯ್ಯೋ, ಆ ಸಭೆ! ನೀನಿದ್ದೆಯಲ್ಲ. ನಾನು ಎದ್ದು ನಿಂತು, ಪಟ್ಟಿ ಕಟ್ಟದೆ ಯಾರೂ ಅಂಕಣಕ್ಕೆ ಇಳಿಯಬಾರದು ಅಂತ ಹೇಳಿದ್ದೇ ತಡ, ದರ್ಮಿ ಅಜ್ಜಿ ಶುರು ಮಾಡಿದ್ರು. ಎಮ್ಮೆ ಕಾಲು ಮುರಿದಾಗ ಹೀಗೇ ಕಟ್ತಾರಂತೆ. ಅವರಿಗೆ ಎಂಬತ್ತು ವರ್ಷವಂತೆ, ಯಾವ ಪಟ್ಟೀನೂ ಕಟ್ಟಿಲ್ಲವಂತೆ, ಕಾಲು ಒಂದು ದಿನಾನೂ ಉಳುಕಿಲ್ಲವಂತೆ. "ಅಜ್ಜಿ, ನೀವು ಯಾವತ್ತಾದ್ರೂ ಹಾರಿದೀರಾ?" ಅಂತ ಕೇಳಿದೆ. ಅದಕ್ಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ರು. ಆಮೇಲೆ ಬು ಸಾರಿಪಾ. "ಪಟ್ಟಿ ಕಟ್ಟಿದ್ರೆ ಕಾಲು ಸೋಮಾರಿ ಆಗುತ್ತೆ ಬು." ನಾನಂದೆ, ನಿನ್ನ ಗಂಡ ದಿನಾ ಹೆಲ್ಮೆಟ್ ಹಾಕ್ತಾನಲ್ಲ, ಅವನ ತಲೆ ಸೋಮಾರಿ ಆಗಿದೆಯಾ? ಅವಳು ಸ್ವಲ್ಪ ಹೊತ್ತು ಯೋಚಿಸಿ, "ಆಗಿದೆ ಬು" ಅಂದಳು! ಇಂಥವರ ಜೊತೆ ನಾನು ವಾದ ಮಾಡಬೇಕು.

ನನ್ನಕ್ಕನ ಮಗ ಸೆಮಾರಂಗ್‌ನಲ್ಲಿ ಆಟಗಾರರ ಕೈಕಾಲು ನೋಡೋ ಕೆಲಸದಲ್ಲಿದಾನೆ. ಅವನು ನನಗೆ ಬಿಡಿಸಿ ಹೇಳಿದ. "ಚಿಕ್ಕಮ್ಮ, ಪಟ್ಟಿ ಅಂದ್ರೆ ಗೋಡೆ ಅಲ್ಲ, ಮೂಗುದಾರ. ಕಾಲು ಹೊರಳಲೇಬಾರದು ಅಂತ ತಡೆಯೋಕೆ ಆಗಲ್ಲ. ಹೊರಳೋಕೆ ಹೋದಾಗ ಎಳೆದು ಹಿಡಿಯುತ್ತೆ." ಓಡುವಾಗ ಅಲ್ಲ, ಹಾರಿ ಇಳಿಯುವಾಗಲೇ ಉಳುಕೋದು. ನೆಟ್ ಕೆಳಗೆ ಎದುರಾಳಿ ಪಾದ ಬಂದಿರುತ್ತೆ, ಅದರ ಮೇಲೆ ಇಳಿದ್ರೆ ಮುಗೀತು. ಒಂದು ಸಲ ಉಳುಕಿದ ಕಾಲು ಮತ್ತೆ ಉಳುಕೋಕೆ ಕಾಯ್ತಿರುತ್ತೆ, ಅಂಥವರಿಗೆ ಪಟ್ಟಿ ಬೇಕೇ ಬೇಕು ಅಂದ. ನಿನಗೂ ಶಾಲೆಯಲ್ಲಿ ಆಡುವಾಗ ಆಗಿತ್ತಲ್ಲ? ಅದೇ ಕಾಲಿಗೇ ಮತ್ತೆ ಆಯ್ತು ಅಂದಿದ್ದೆ. ಹಾಗಾದ್ರೆ ನಿನಗೆ ನಾನು ಹೇಳಿಕೊಡಬೇಕಾದ್ದು ಇಲ್ಲ. ಹೊರಗಡೆ ಗಿಣ್ಣಿನ ಹತ್ತಿರ ಮೊಟ್ಟೆ ಹಾಗೆ ಊದಿಕೊಳ್ಳುತ್ತೆ, ಆಮೇಲೆ ನೇರಳೆ ಬಣ್ಣ…

ಏನು ಮೂಸ್ತಿದ್ದೀಯ?

ಓ, ಅದಾ. ಕೆಂಚೂರ್ ಬೇರು. ಅಕ್ಕಿ ಕೆಂಚೂರ್ ಸೇರಿಸಿ ಅರೆದೆ, ಗಂಟಲು ಕಟ್ಟಿತ್ತು, ಕುಡಿಯೋಣ ಅಂತ. ಕೆಳಗೆ ಯಾಕೆ ನೋಡ್ತೀಯ? ಸ್ವಲ್ಪ ಚೆಲ್ಲಿತು, ಅದಕ್ಕೇ ವಾಸನೆ ಕೆಳಗಡೆಯಿಂದ ಬರ್ತಿದೆ. ನನ್ನ ಮುಖ ನೋಡಿ ಮಾತು ಕೇಳು.

ಹಾಂ, ಸಾರಿಪಾ ವಿಷಯ. ಸೆಮಿಫೈನಲ್‌ನಲ್ಲಿ ಅವಳನ್ನು ಕೂರಿಸಿದ್ದು ತಪ್ಪು ಅಂತ ಕೇರಿಯಲ್ಲಿ ಮಾತಾಡ್ತಿದಾರೆ, ನನಗೆ ಗೊತ್ತು. ನಿನ್ನ ಹತ್ತಿರಾನೂ ಅಂದಿರ್ತಾರೆ. ಅವಳು ಪಟ್ಟಿ ಇಲ್ಲದೆ ಹಾರಿದಳು. "ಬರೀ ಒಂದು ಸಲ ಬು, ಮೈ ಬಿಸಿ ಮಾಡ್ಕೊಳ್ಳೋಕೆ" ಅಂತ ಅತ್ತಳು. ಒಂದು ಅಂದ್ರೂ ಒಂದೇ, ನಿಯಮ ಅಂದ್ರೆ ನಿಯಮ, ಅಂದೆ. ಅವಳ ತವರಿನವರೆಲ್ಲ ವ್ಯಾನ್ ಮಾಡ್ಕೊಂಡು ನೋಡೋಕೆ ಬಂದಿದ್ರು ಪಾಪ. ಅವರ ಮುಂದೆ ನೀರಿನ ಬಾಟಲಿ ಕಾಯ್ತಾ ಕೂತಳು. ಅವತ್ತಿಂದ ಎಲ್ಲರೂ ಕಟ್ತಿದಾರೆ. ಬೈಕೊಂಡು ಕಟ್ತಿದಾರೆ, ಆದ್ರೆ ಕಟ್ತಿದಾರೆ. ಅಡುಗೆಮನೆಯಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಲಿ, ಅಂಕಣದಲ್ಲಿ…

ಯಾರದು? …ಬು ಯೆಕ್ತೀನಾ? ಬಟ್ಟೆ ಬದಲಾಯಿಸ್ತಿದೀನಿ ಯೆಕ್ತಿ! …ಹೌದು, ಈಗಲೇ! …ಮೂರೂವರೆಗೆ ಬರ್ತೀನಿ, ನೀವೆಲ್ಲ ಮುಂದೆ ಹೋಗಿ! …ಕುಂಟೋದಾ? ಯಾರು ಕುಂಟಿದ್ದು? ನಿನ್ನ ಮಗ ಬೇರೆ ಯಾರನ್ನೋ ನೋಡಿರ್ತಾನೆ, ಅವನಿಗೆ ಕನ್ನಡಕ ಕೊಡಿಸು!

ಹೋದಳಾ? ಕಿಟಕಿಯಿಂದ ನೋಡು. ಹೋದಳು ತಾನೇ?

ಸರಿ. ಈಗ ಕೆಲಸಕ್ಕೆ ಬರೋಣ. ಆ ಮೂಲೆಯಲ್ಲಿ ನನ್ನ ಪಟ್ಟಿಗಳಿವೆ ನೋಡು, ಎಡಗಾಲಿಂದು ತಗೋ. ನನ್ನ ಕಾಲಿಗೆ ಕಟ್ಟು. ಲಾಡಿ ಎಳೆದು, ಎಷ್ಟು ಬಿಗಿಯಾಗುತ್ತೋ ಅಷ್ಟು ಬಿಗಿ. ಮಂಡಿ ಊರಿ ಎಳಿ. ನಾನು ಕೂಗಿದ್ರೂ ನಿಲ್ಲಿಸಬೇಡ. ಅದರ ಮೇಲೆ ಕಾಲುಚೀಲ, ಅದರ ಮೇಲೆ ಶೂ. ಅಂಕಣಕ್ಕೆ ಹೋಗುವಾಗ ನೀನು ನನ್ನ ಎಡಗಡೆ ನಡಿ, ತೋಳು ತಾಗೋ ಹಾಗೆ, ಏನೋ ಗುಟ್ಟು ಮಾತಾಡ್ತಿರೋ ಹಾಗೆ. ಅಷ್ಟೇ ಕೆಲಸ. ಇಂಗಿಹ್ ಅನ್ನು.

…

ಕೇಳಿಸಲಿಲ್ವಾ? ಪಟ್ಟಿ ತಗೋ ಅಂದೆ.

ನೋಕ್. ಇಂಗಿಹ್ ಅನ್ನು.

ಯಾಕೆ ಹೀಗೆ ಕಂಬದ ಥರ ಕೂತಿದ್ದೀಯ? ಬಾಯಲ್ಲಿ ಟೀ ಇದೆಯಾ? ಒಂದು ವರ್ಷದಿಂದ ನೋಡ್ತಿದೀನಿ, ನೀನು ನನ್ನ ಮಾತಿಗೆ ಇಂಗಿಹ್ ಅನ್ನದೆ ಇದ್ದದ್ದೇ ಇಲ್ಲ. ಮನಸ್ಸಿಲ್ಲದಿದ್ರೆ ಬಾಯಲ್ಲಾದ್ರೂ ಅನ್ನಮ್ಮ! ಎಲ್ಲರೂ ಹಾಗೇ ತಾನೇ ಮಾಡೋದು? ಅಂದುಬಿಟ್ಟು ಸಡಿಲವಾಗಿ ಕಟ್ಟು, ನಾನೇನು ಅಳೆದು ನೋಡ್ತೀನಾ?

ಹಾಗೆ ನೋಡಬೇಡ. ಬಟ್ಟೆ ಎತ್ತಬೇಡ… ಎತ್ತಬೇಡ ಅಂದೆ!

…

ಸರಿ. ನೋಡು. ನೋಡಿಬಿಡು.

ಮೊಟ್ಟೆ ಅಲ್ಲ, ಬಾತುಕೋಳಿ ಮೊಟ್ಟೆ. ಅರೆದ ಕೆಂಚೂರ್ ಎಲ್ಲ ಇದರ ಮೇಲೇ ಹಚ್ಚಿದೀನಿ, ಊತ ಇಳಿಯಲಿ ಅಂತ.

ಇವತ್ತು ಬೆಳಿಗ್ಗೆ. ಅಂಕಣಕ್ಕೆ ಸುಣ್ಣದ ಗೆರೆ ಎಳೆಯೋಕೆ ಹೋಗಿದ್ದೆ. ಕೇರಿ ಮುಖ್ಯಸ್ಥರ ಹೆಂಡತಿ ಅಲ್ವಾ, ಗೆರೆ ಎಳೆಯೋದೂ ನನ್ನ ಪಾಲಿಗೇ ಬರುತ್ತೆ. ಯಾರೂ ಇರಲಿಲ್ಲ. ನೆಟ್ ಕಟ್ಟಿತ್ತು, ಚೆಂಡುಗಳ ಬಲೆ ಅಲ್ಲೇ ಇತ್ತು. ಮನೆಯಲ್ಲಿ ಹಾಕೋ ರಬ್ಬರ್ ಚಪ್ಪಲಿ ನನ್ನ ಕಾಲಲ್ಲಿ. ಅದನ್ನು ಬಿಟ್ಟೆ. ಒಂದು ಚೆಂಡು ಮೇಲೆ ಎಸೆದೆ, ಎಸೆದಾಗ ಅದು ಎಷ್ಟು ಚೆನ್ನಾಗಿ ಹೋಯ್ತು ಅಂತೀಯ… ಹಾರಿದೆ. ನಲವತ್ತೇಳು ವರ್ಷದವಳು, ಮೂರು ಮಕ್ಕಳ ತಾಯಿ, ಉದ್ದ ಬಟ್ಟೆ ಸುತ್ತಿಕೊಂಡು. ಕಾಲು ಹಗುರ ಇತ್ತು, ನೋಕ್. ಪಟ್ಟಿ ಇಲ್ಲದೆ ಹಗುರ ಇತ್ತು. ಅದನ್ನು ಸಭೆಯಲ್ಲಿ ಯಾರೂ ನನಗೆ ಹೇಳಲಿಲ್ಲ, ಸಾರಿಪಾನೂ ಹೇಳಲಿಲ್ಲ. ಹೇಳಿದ್ರೆ ನಾನು ಏನು ಉತ್ತರ ಕೊಡ್ತಿದ್ದೆನೋ.

ಇಳಿದಾಗ ಇನ್ನೊಂದು ಚೆಂಡು ಕಾಲ ಕೆಳಗೆ ಬಂದಿತ್ತು. ಬಲೆಯಿಂದ ಉರುಳಿ. ಎದುರಾಳಿ ಪಾದ ಅಲ್ಲ, ಯಾರ ಮೇಲೂ ತಪ್ಪು ಹೊರಿಸೋ ಹಾಗಿಲ್ಲ.

ಈಗ ನನ್ನ ಕಷ್ಟ ನೋಡು. ಇಡೀ ಜಿಲ್ಲೆಯಲ್ಲಿ ಪಟ್ಟಿ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ. ಕಟ್ಟಿ ಹಾರಿದಳು, ನಾಲ್ಕು ತಿಂಗಳು ಏನೂ ಆಗಲಿಲ್ಲ. ಬಿಟ್ಟು ಹಾರಿದಳು, ಒಂದೇ ಸಲಕ್ಕೆ ಹೋಯ್ತು. ವಾದ ಮುಗೀತು! ಗೆದ್ದೆ! ಆದ್ರೆ ಆ ಸಾಕ್ಷಿ ನನ್ನ ಕಾಲೇ ಆಗಿ ಕೂತಿದೆ, ಹೊರಗೆ ತೋರಿಸೋ ಹಾಗಿಲ್ಲ. ತೋರಿಸಿದ್ರೆ ಏನಂತಾರೆ? ಪೂರ್ತಿ ಸುದ್ದಿ ಯಾವತ್ತಾದ್ರೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿದೆಯಾ? ಅರ್ಧ ಮಾತ್ರ ಹೋಗುತ್ತೆ. "ಪಟ್ಟಿ ಪಟ್ಟಿ ಅಂತಿದ್ದ ಬು ಮುರ್ವಾನಿಗೇ ಉಳುಕಿತಂತೆ." ಅಷ್ಟು ಸಾಕು. ಸಂಜೆಯೊಳಗೆ ಎಲ್ಲರೂ ಬಿಚ್ಚಿ ಎಸೀತಾರೆ. ಮುಂದಿನ ವರ್ಷ ಯಾರೋ ಹಾರಿ ಮುರ್ಕೋತಾರೆ… ಮತ್ತೆ ಸಾರಿಪಾ. ಅವಳು ಬೈಯಲ್ಲ, ಗೊತ್ತಾ? ಅದೇ ಕಷ್ಟ. ಅವಳು ಮನೆಗೆ ಬಂದು, "ನೋವಾ ಬು?" ಅಂತ ಕೇಳಿ, ಗಂಜಿ ಕೊಟ್ಟು ಹೋಗ್ತಾಳೆ.

ಅದಕ್ಕೇ ಕಟ್ಟು ಅಂತಿದೀನಿ. ಮೂರು ಸೆಟ್. ಸೆಟ್ಟರ್ ಅಲ್ವಾ ನಾನು, ಹಾರಲ್ಲ, ನಿಂತಲ್ಲೇ ಚೆಂಡು ಎತ್ತಿಕೊಡ್ತೀನಿ. ಪಟ್ಟಿ ಹಿಡಿದುಕೊಳ್ಳುತ್ತೆ…

ಏನು ತಲೆ ಆಡಿಸ್ತೀಯ? ಹಿಡಿಯಲ್ವಾ?

ಹೂಂ. ಹಿಡಿಯಲ್ಲ. ಹಸು ಮೇಯ್ದು ಹೋದ ಮೇಲೆ ಬೇಲಿ ಹಾಕಿದ ಹಾಗೆ. ಗೊತ್ತು ನನಗೆ. ನನ್ನಕ್ಕನ ಮಗ ಅದನ್ನೂ ಹೇಳಿದ್ದ, ಸಭೆಯಲ್ಲಿ ಆ ಭಾಗ ಬಿಟ್ಟು ಹೇಳಿದ್ದೆ.

ನೀನು ಯಾವಾಗ ತಿಳಿದುಕೊಂಡೆ? ಬಾಗಿಲು ಹಾಕು ಅಂದಾಗಲೇ? ಟೀ ಬಗ್ಗಿಸ್ಕೋ ಅಂದಾಗ? ಅಷ್ಟೆಲ್ಲ ತಿಳಿದೂ ಬಾತುಕೋಳಿ ಹಾಗೆ ಕೂತು ಸಾರಿಪಾ ಕತೆ ಪೂರ್ತಿ ಕೇಳಿದೆಯಲ್ಲೇ! ಯಾರು ಅಂದಿದ್ದು ನೀನು ಒಳ್ಳೆ ಹುಡುಗಿ ಅಂತ?

ಒಂದು ಇಂಗಿಹ್ ಅಂದಿದ್ರೆ ನಾನು ಈ ಕಾಲಲ್ಲಿ ನಡೆದು ಹೋಗಿಬಿಡ್ತಿದ್ದೆ. ನಿಜವಾಗಲೂ. ಅಂಕಣದವರೆಗಾದ್ರೂ ಹೋಗ್ತಿದ್ದೆ.

ಏನು ಮಾಡ್ತಿದ್ದೀಯ? ದಿಂಬು ಯಾಕೆ? …ಹಾಂ. ಮೇಲೆ. ಇನ್ನೂ ಸ್ವಲ್ಪ ಮೇಲೆ. ಅಯ್ಯಯ್ಯೋ ಮೆಲ್ಲಗೆ!

ನನ್ನ ಅಂಗಿ ಅಲ್ಲಿದೆ, ಒಂದನೇ ನಂಬರ್. ಬೇಡ, ನಿನ್ನ ಹನ್ನೊಂದೇ ಇರಲಿ, ನನ್ನದರಲ್ಲಿ ನೀನು ಮುಳುಗಿಹೋಗ್ತೀಯ. ಐದನೇ ಕೇರಿಯ ಎತ್ತರದವಳದು ಎಡಗಡೆ ಬ್ಲಾಕ್ ನಿಧಾನ, ಯೆಕ್ತಿಗೆ ಆ ಕಡೆಯೇ ಎತ್ತಿಕೊಡು. ಸಾರಿಪಾ ಶುರುವಿನಿಂದಲೇ ಆಡಲಿ. ನಾನು ಹೇಳಿದೆ ಅಂತ ಹೇಳು. ಬೇಡ, ನೀನು ಏನೂ ಹೇಳಬೇಡ, ನಿನಗೆ ಹೇಳೋಕೆ ಬರಲ್ಲ. ನಾನೇ ಹೇಳ್ತೀನಿ. ಚಪ್ಪಲಿ ಬಿಟ್ಟದ್ದು, ಪಟ್ಟಿ ಕಟ್ಟದೆ ಇದ್ದದ್ದು, ಎಲ್ಲ ಸೇರಿಸಿ, ಆಟಕ್ಕೆ ಮುಂಚೆ, ಮೈಕಿನಲ್ಲಿ.

ಚಿಲಕ ತೆಗಿ. ನಮ್ಮ ಯಜಮಾನರಿಗೆ ಸ್ಕೂಟರ್ ತರೋಕೆ ಹೇಳು.

ಆಟ ನಾಲ್ಕು ಗಂಟೆಗೆ. ಸೆಟ್ಟರ್ ನೀನು. ನಾನು ಅಂಕ ಹೇಳೋರ ಪಕ್ಕ ಕೂತಿರ್ತೀನಿ, ಎಡಗಾಲನ್ನು ಎದುರಿನ ಕುರ್ಚಿ ಮೇಲೆ ಇಟ್ಟುಕೊಂಡು, ಎಲ್ಲರಿಗೂ ಕಾಣೋ ಹಾಗೆ.