ನೋಡ್ತೀನಿ ಅಂದಿದ್ದೆ, ಅಷ್ಟೇ

...ಇಲ್ಲ, ಇಲ್ಲ, ಹಾಗಲ್ಲ! ವಿಚಾರಣೆಗೆ ಒಳಗೆ ಹೋದ ತಕ್ಷಣ ‘ಅಕ್ಕನ್ನ ಕೇಳಿ’ ಅಂತ ಶುರು ಮಾಡ್ಬೇಡ. ಅಲ್ಲಿ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಮನೇಲಿ ನೀನು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಆ ಬಾಗಿಲ ಒಳಗೆ ನೀನು ವೈದ್ಯಕೀಯ ವಿಶ್ವವಿದ್ಯಾಲಯದ ಗ್ರಂಥಪಾಲಕಿ, ನಾನು ಹಳೇ ವಿಶ್ವವಿದ್ಯಾಲಯದ ಗ್ರಂಥಪಾಲಕಿ. ತಿಳೀತಾ? ನೆಟ್ಟಗೆ ಕೂತ್ಕೋ. ಬೆನ್ನು ಬಗ್ಗಿಸಿ ಕೂತರೆ ತಪ್ಪು ಮಾಡಿದವರ ಹಾಗೆ ಕಾಣುತ್ತೆ.

ಯಾಕೆ ನಗ್ತೀಯ?

ನಗಲಿಲ್ವಾ? ಸರಿ. ನನಗೆ ಹಾಗನ್ನಿಸ್ತು.

ಮೆಲ್ಲಗೆ ಮಾತಾಡೋಣ. ಕೊನೇ ಬೆಂಚಿನಲ್ಲಿ ಬಟ್ಟೆ ಚೀಲ ತೊಡೆ ಮೇಲಿಟ್ಟುಕೊಂಡು ಕೂತಿದಾರಲ್ಲ, ಅವರೇ ಬಸ್ ಡ್ರೈವರ್ ಹೆಂಡತಿ... ಅಯ್ಯೋ, ಆ ಕಡೆ ತಿರುಗಬೇಡ! ವಿಚಾರಣೆಗೆ ಅವರನ್ನೂ ಕರೆಸಿದಾರೆ. ನೀನು ಬರೋ ಮುಂಚೆ ನನ್ನ ಹತ್ರ ಬಂದು, ‘ನೀವು ಡಾಕ್ಟ್ರಾ?’ ಅಂದ್ರು. ‘ಅಲ್ಲಮ್ಮ, ಲೈಬ್ರರಿಯವರು’ ಅಂದೆ. ‘ಲೈಬ್ರರಿಯವರಾ? ನಿಮಗೂ ನಮ್ಮ ಮನೆಯವರಿಗೂ ಏನು ಸಂಬಂಧ?’ ಅಂದ್ರು. ಏನು ಹೇಳ್ಲಿ, ಹೇಳು! ಕನ್ನಡಕ ಒರೆಸೋ ನೆಪದಲ್ಲಿ ಮುಖ ತಿರುಗಿಸಿದೆ. ಆಗಿನಿಂದ ಒರೆಸ್ತಾನೇ ಇದೀನಿ. ನನ್ನ ಕೈ ಮುಟ್ಟಿ ನೋಡು, ಹೇಗೆ ತಣ್ಣಗಾಗಿದೆ... ಬೇಡ, ಬಿಡು. ಮುಟ್ಟದಿದ್ರೆ ಬೇಡ.

ಆತ ಇನ್ನೂ ಕಣ್ಣು ಬಿಟ್ಟಿಲ್ಲವಂತೆ. ನಿನಗೂ ಅಷ್ಟೇ ತಾನೇ ಗೊತ್ತಿರೋದು? ಬೆಳಿಗ್ಗೆ ವಾರ್ಡಿಗೆ ಹೋಗಿದ್ದೆಯಲ್ಲ, ಏನಂದ್ರು? ತಲೆ ಅಲ್ಲಾಡಿಸಿದ್ರೆ ನನಗೇನು ಗೊತ್ತಾಗುತ್ತೆ? ಇದಾನೆ ಅಂತಲೋ, ಇಲ್ಲ ಅಂತಲೋ?

ಇದಾನೆ. ಸರಿ. ಸದ್ಯ.

ಮೌನಗೌರಿ ಅಂತ ಅತ್ತೆ ನಿನಗೆ ಸುಮ್ನೆ ಹೆಸರಿಡಲಿಲ್ಲ ಕಣೇ. ಇವತ್ತಾದ್ರೂ ಬಾಯಿ ಬಿಡಬಾರದಾ?

ಹೋಗಲಿ, ಕೇಳಿಸ್ಕೋ. ಒಳಗೆ ನಾನು ಹೇಗೆ ಹೇಳ್ಬೇಕು ಅಂತಿದೀನೋ ಹಾಗೇ ಒಂದು ಸಲ ಹೇಳ್ತೀನಿ. ತಪ್ಪಿದ್ರೆ ತಿದ್ದು. ‘ಮಾನ್ಯರೇ, ನಮ್ಮದು ಐದು ವಿಶ್ವವಿದ್ಯಾಲಯಗಳ ಒಕ್ಕೂಟ. ಕಂಪ್ಯೂಟರಿನಲ್ಲಿ ಓದುವ ಪತ್ರಿಕೆಗಳು, ಕೋಶಗಳು, ಇವನ್ನೆಲ್ಲ ಐದು ಗ್ರಂಥಾಲಯಗಳೂ ಕೂಡಿ ತರಿಸ್ತೀವಿ. ಕೆಲಸವನ್ನೂ ಹಂಚಿಕೊಂಡಿದೀವಿ. ಚಂದಾ ನವೀಕರಣ ಒಬ್ಬರದು, ತರಬೇತಿ ಒಬ್ಬರದು, ದುರುಪಯೋಗ ಆಗದ ಹಾಗೆ ಕಾಯೋದು ಒಬ್ಬರದು. ಯಾವ ಕಟ್ಟಡದ ಕಂಪ್ಯೂಟರುಗಳಿಗೆ ಪ್ರವೇಶ ಅನ್ನೋದು ನನ್ನ ಪಾಲು. ಮನೆಗೆ ಬಾಗಿಲ ನಂಬರ್ ಇರೋ ಹಾಗೆ ಪ್ರತಿ ಕಟ್ಟಡದ ಜಾಲಕ್ಕೂ ಒಂದು ನಂಬರ್ ಇರುತ್ತೆ. ಆ ನಂಬರ್ ಸೇರಿಸಿದ್ರೆ ಪುಟ ತೆರೆಯುತ್ತೆ. ಸೇರಿಸದಿದ್ರೆ ತೆರೆಯಲ್ಲ.’

ಇಷ್ಟು ಸರಿ ಇದೆ ತಾನೇ? ದನಿ ನಡುಗ್ತಾ? ನಡುಗ್ಲಿಲ್ಲ. ಚೆನ್ನಾಗಿಯೇ ಹೇಳಿದೆ.

ಆಮೇಲೆ... ಆಮೇಲೇನು, ಅವರಿಗೇ ಗೊತ್ತಿರೋದು. ನಿಮ್ಮ ಆಸ್ಪತ್ರೆ ಹೊಸ ಕಟ್ಟಡಕ್ಕೆ ಬಂತು, ಜಾಲದ ನಂಬರ್ ಬದಲಾಯ್ತು. ಡ್ರೈವರಿಗೆ ಎದೆ ಬಡಿತ ತಪ್ಪುತ್ತೆ ಅಂತ ಮೊದಲಿಂದ ಒಂದು ಮಾತ್ರೆ ನಡೀತಿತ್ತು. ಈಗ ಕೆಮ್ಮು, ಜ್ವರ ಅಂತ ಬಂದ. ಆ ಚಿಕ್ಕ ಡಾಕ್ಟರಮ್ಮ ಇನ್ನೊಂದು ಔಷಧ ಕೊಡೋ ಮುಂಚೆ, ಎರಡೂ ಒಟ್ಟಿಗೆ ಕೊಡಬಹುದಾ ಅಂತ ನೋಡೋಕೆ ಕಂಪ್ಯೂಟರಿನಲ್ಲಿ ಔಷಧಕೋಶ ತೆರೆದಳು. ‘ನಿಮಗೆ ಪ್ರವೇಶವಿಲ್ಲ’ ಅಂತ ಬಂತು. ಮತ್ತೆ ಒತ್ತಿದಳು. ಪ್ರವೇಶವಿಲ್ಲ. ಹೊರಗೆ ರೋಗಿಗಳ ಸಾಲು. ನೆನಪಿನ ಮೇಲೆ ಬರೆದುಕೊಟ್ಟಳು. ಆ ಎರಡು ಔಷಧ ಕೂಡಬಾರದಿತ್ತು...

ನನ್ನನ್ನೇ ಯಾಕೆ ನೋಡ್ತೀಯ? ಔಷಧ ಬರೆದದ್ದು ನಾನಾ?

ಇಲ್ಲ, ಇಲ್ಲ, ಹಾಗೆ ಹೇಳ್ಬಾರದು, ನನಗೂ ಗೊತ್ತು. ಆ ಹುಡುಗಿ ಮೂರು ಹೊತ್ತೂ ಅಳ್ತಾ ಕೂತಿದಾಳಂತೆ. ಅವಳ ತಲೆ ಮೇಲೆ ಗೂಬೆ ಕೂರಿಸೋದು ನನಗೂ ಇಷ್ಟ ಇಲ್ಲ. ಅದಕ್ಕೇ ಹೇಳ್ತಿರೋದು, ಕಂಪನಿಯವರದ್ದು ತಪ್ಪು ಅಂತ. ಔಷಧಕೋಶದ ಕಂಪನಿ. ಅವರೇನು ಇಲ್ಲಿ ಬಂದು ಕೂತಿದಾರಾ? ಯಾರಿಗೂ ನೋವಿಲ್ಲ. ‘ನಾನು ನಂಬರ್ ಕಳಿಸಿದ್ದೆ, ಕಂಪನಿಯವರು ಸೇರಿಸೋದು ತಡ ಮಾಡಿದ್ರು.’ ನಾನು ಹೀಗಂತೀನಿ. ನೀನು ಹೆಚ್ಚೇನೂ ಹೇಳೋದು ಬೇಡ. ‘ಹೌದು, ಅವರು ಕಳಿಸಿದ್ರು, ನನಗೆ ಹೇಳಿದ್ರು’ ಅನ್ನು. ಒಂದೇ ಮಾತು. ಅಷ್ಟಕ್ಕೂ ನೀನು ಹೇಳ್ದೇ ಹೋದ್ರೆ ಏನಾಗುತ್ತೆ ಗೊತ್ತಾ? ತಪ್ಪು ನಿನ್ನ ತಲೆಗೂ ಬರುತ್ತೆ. ಹೊಸ ನಂಬರ್ ಬಗ್ಗೆ ನೀನು ಹೇಳಿದ್ದು ಎಲ್ಲಿ? ಸಭೆಯಲ್ಲಿ ಹೇಳಿದ್ಯಾ? ನಾಲ್ಕು ಜನರ ಮುಂದೆ ಹೇಳಿದ್ಯಾ? ಅಡಿಗೆಮನೇಲಿ!

ಹೌದು, ಅಡಿಗೆಮನೇಲಿ. ಒಲೆ ಮೇಲೆ ಹಾಲಿತ್ತು. ನಾನು ತರಕಾರಿ ಹೆಚ್ಚುತ್ತಿದ್ದೆ. ನೀನು ಬಂದು, ‘ಅಕ್ಕಾ, ನಮ್ಮ ಹೊಸ ಕಟ್ಟಡದ ನಂಬರ್ ಸೇರಿಸ್ಬಿಡಿ, ಕಳಿಸಿದೀನಿ’ ಅಂದೆ. ನಾನು ‘ನೋಡ್ತೀನಿ’ ಅಂದೆ.

ನೋಡ್ತೀನಿ ಅಂದಿದ್ದೆ, ಅಷ್ಟೇ! ಮಾಡ್ತೀನಿ ಅಂದ್ನಾ? ನೋಡ್ಕೋತೀನಿ ಅಂದ್ನಾ? ಬಟ್ಟೆ ಅಂಗಡಿಯಲ್ಲಿ ಇಷ್ಟವಾಗದ ಬಟ್ಟೆ ತೋರಿಸಿದ್ರೆ ನೀನೇನಂತೀಯ? ‘ನೋಡ್ತೀನಿ’ ಅಂತೀಯ, ಎದ್ದು ಬರ್ತೀಯ. ಸಾಲ ಕೇಳೋಕೆ ಬಂದ ನೆಂಟರಿಗೆ ನಿನ್ನ ಭಾವ ಏನಂತಾರೆ? ‘ನೋಡೋಣ’. ಯಾರಾದ್ರೂ ಅದನ್ನ ಒಪ್ಪಿಗೆ ಅಂದ್ಕೋತಾರಾ? ನಮ್ಮ ಮಾತಿನಲ್ಲಿ ‘ನೋಡ್ತೀನಿ’ ಅಂದ್ರೆ ಏನು ಬೇಕಾದ್ರೂ ಆಗಬಹುದು. ಇದನ್ನ ನಾನು ನಿನಗೆ ಕಲಿಸಬೇಕಾ?

ಏನದು? ಬೆರಳು ತೋರಿಸ್ತೀಯ... ಹಾಲು?

ಹಾಲಿನ ಮಾತು ಈಗ್ಯಾಕೆ? ಹೌದಪ್ಪ, ಅವತ್ತು ಹಾಲೂ ಉಕ್ಕಿತು. ‘ಹಾಲು ನೋಡ್ತಿರಿ ಅಕ್ಕಾ’ ಅಂತ ನೀನು ಹೋದೆ. ಅತ್ತೆ ಬಾಗಿಲಲ್ಲೇ ನಿಂತಿದ್ರು. ಅವರು ನೋಡ್ತಾರೆ ಅಂತ ನಾನು, ನಾನು ನೋಡ್ತೀನಿ ಅಂತ ಅವರು. ಇಬ್ಬರೂ ನೋಡ್ತಾ ನಿಂತಿದ್ದ ಹಾಗೇ ಪಾತ್ರೆ ತುಂಬಿ ಒಲೆ ತುಂಬಾ ಆಯ್ತು. ಎಲ್ಲರೂ ನಕ್ಕೆವು. ಅತ್ತೆ ಅಂದ್ರಲ್ಲ, ‘ಇಬ್ಬರು ಲೈಬ್ರರಿಯವರು ಸೊಸೆಯರು, ಮನೇಲಿ ಹಾಲಿಗೆ ದಿಕ್ಕಿಲ್ಲ’ ಅಂತ. ನೀನೂ ನಕ್ಕಿದ್ದೆ. ಆಗ ನಕ್ಕಿದ್ದೆ ತಾನೇ?

ಶ್... ಡ್ರೈವರ್ ಹೆಂಡತಿಗೆ ಫೋನ್ ಬಂತು.

ಎದ್ದು ನಿಂತ್ರು. ಯಾಕೆ ಎದ್ದು ನಿಂತ್ರು? ಕೂತೇ ಮಾತಾಡಬಹುದಿತ್ತಲ್ಲ... ದೇವರೇ. ಮುಖ ಆ ಕಡೆ ಇದೆ, ನನಗೆ ಕಾಣ್ತಿಲ್ಲ. ನಿನಗೆ ಕಾಣುತ್ತಾ? ಅಳ್ತಿದಾರಾ? ಹೇಳೇ! ತಡಿ, ಏನೋ ಜೋರಾಗಿ ಹೇಳ್ತಿದಾರೆ. ಕೇಳು. ‘ಮೇಲಿನ ಗೂಡಿನಲ್ಲಿದೆ ನೋಡೇ, ಅಪ್ಪನ ಅಂಗಿ ಹಿಂದೆ...’

ಮಗಳು. ಮನೆ ಬೀಗದ ಕೈ ಎಲ್ಲಿ ಅಂತ ಕೇಳ್ತಿರೋದು. ಬೀಗದ ಕೈ. ಅಬ್ಬಾ.

ಕೂತ್ರು. ಸದ್ಯ, ಕೂತ್ರು. ಸ್ವಲ್ಪ ನೀರು ಕೊಡು.

ಬೀಗದ ಕೈ ಅಂದ ತಕ್ಷಣ ಯಾಕೆ ಹಾಗೆ ತಲೆಯೆತ್ತಿದೆ? ಗೊತ್ತು, ನಿನ್ನ ಮನಸ್ಸಿನಲ್ಲಿರೋದು ಗೊತ್ತು. ಒಕ್ಕೂಟದ ಸಭೆ. ಎಲ್ಲರ ಮುಂದೆ ಎದ್ದು ನಿಂತು, ‘ಪ್ರವೇಶದ ಕೀಲಿ ಒಬ್ಬರ ಹತ್ರವೇ ಇರೋದು ಬೇಡ, ಇಬ್ಬರು ಹಂಚಿಕೊಂಡು ನೋಡ್ಕೊಳ್ಳೋಣ’ ಅಂದೆಯಲ್ಲ. ಬಾಯಿ ಬಿಡದ ಮೌನಗೌರಿ ಅವತ್ತು ಬಾಯಿ ಬಿಟ್ಟಳು! ನನ್ನ ಎದುರಿಗೆ, ನನ್ನ ಕೆಲಸದ ಬಗ್ಗೆ! ಮನೇಲಿ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡೋರು ನಾವು. ಮೊದಲು ನನ್ನ ಕಿವಿಗೆ ಹಾಕಬೇಕು ಅನ್ನಿಸ್ಲಿಲ್ವಾ? ನಾನು ಕೀಲಿ ಕೊಡಲ್ಲ ಅಂದದ್ದು ಜಂಬದಿಂದ ಅಲ್ಲ. ಇಬ್ಬರ ಕೈಗೆ ಕೊಟ್ಟ ಕೆಲಸ ಆ ಹಾಲಿನ ಹಾಗೇ ಆಗೋದು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ನಂಬರ್ ತಪ್ಪಿದೆಯಾ? ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಹೇಳ್ತಿದ್ರು, ಕೈಗೆ ಕೊಟ್ಟ ಕೆಲಸ ಕೈಯಲ್ಲೇ ಮುಗಿಸ್ಬೇಕು ಅಂತ. ನಾನು ಮುಗಿಸೋಳು.

ಹೌದು, ಮುಗಿಸೋಳೇ! ಆಮೇಲೆ ನೀನು ಫೋನ್ ಮಾಡಿದ್ದು ನೆನಪಿದೆಯಾ? ‘ಅಕ್ಕಾ, ಡಾಕ್ಟರಿಗೆ ಔಷಧಕೋಶ ತೆರೀತಿಲ್ಲ, ರೋಗಿಗೆ ಏನೋ ಆಗಿದೆ’ ಅಂತ ಏದುಸಿರು ಬಿಡ್ತಿದ್ದೆ. ನಾನು ಗಾಬರಿಯಾದ್ನಾ? ‘ಫೋನ್ ಇಡು’ ಅಂದೆ. ನೀನು ನಿಮ್ಮ ಮೆಟ್ಟಿಲು ಹತ್ತಿ ವಾರ್ಡಿಗೆ ಹೋಗೋದರೊಳಗೆ ತೆರೆಯಿತಾ ಇಲ್ವಾ? ತೆರೆಯಿತು! ಬೇರೆ ಯಾರಾಗಿದ್ರೂ ಕಂಪನಿಗೆ ಬರೆದು, ಉತ್ತರಕ್ಕೆ ಕಾದು... ಅದೆಲ್ಲ ಹಳೇ ಕಾಲದ ಪದ್ಧತಿ. ಈಗ ಕೀಲಿ ನಮ್ಮ ಕೈಯಲ್ಲೇ ಇರುತ್ತೆ. ನಂಬರ್ ತುಂಬಿಟ್ಟಿದ್ರೆ ಸಾಕು, ಒಂದು ಗುಂಡಿ ಒತ್ತಿದ್ರೆ...

ಏನು?

ಯಾಕೆ ಹಾಗೆ ನೋಡ್ತೀಯ?

ಹಾಗಲ್ಲ ನಾನು ಹೇಳಿದ್ದು. ಕಂಪನಿಯವರೂ ಇರ್ತಾರೆ. ಅವರೂ ಒಂದು ಸಲ... ಅಂದ್ರೆ, ಮೊದಲು ನಾನು ಕಳಿಸಿದ್ದೆ, ಅವರು ತಡ ಮಾಡಿದ್ರು, ಆಮೇಲೆ ನಾನೇ... ನಾನೇ ಒತ್ತಿದೆ.

ಮಾತಾಡು. ‘ಹಾಗಾದ್ರೆ ಮೊದಲೇ ಒತ್ತಬಹುದಿತ್ತಲ್ಲ’ ಅಂತ ಕೇಳು. ಕೇಳಿಬಿಡು! ಉತ್ತರ ಇದೆ ನನ್ನ ಹತ್ರ. ನೀನು ಕೇಳಿದ್ರೆ ತಾನೇ ನಾನು ಹೇಳೋದು? ಹೀಗೆ ಸುಮ್ನೆ ಕೂತ್ರೆ...

ತುಂಬಿಟ್ಟಿದ್ದೆ. ಹಾಲು ಉಕ್ಕಿದ ಮರುದಿನವೇ ತುಂಬಿಟ್ಟಿದ್ದೆ ಕಣೇ. ಒಂದು ಅಂಕಿ ಕೂಡ ತಪ್ಪಿರಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ಆಗ ಅನ್ನಿಸ್ತು, ಸಭೆಯಲ್ಲಿ ನನ್ನ ಕೈಯಿಂದ ಕೀಲಿ ಕಿತ್ಕೊಳ್ಳೋಕೆ ನೋಡಿದವಳು, ಈಗ ಅಡಿಗೆಮನೇಲಿ ಬಂದು ‘ಸೇರಿಸ್ಬಿಡಿ’ ಅಂತಾಳೆ. ಕೇಳಲಿ. ಮುಂದಿನ ಸಭೆಯಲ್ಲಿ, ಎಲ್ಲರ ಮುಂದೆ ಎದ್ದು ನಿಂತು ಕೇಳಲಿ. ಆಗ ಒತ್ತೋಣ. ಅಷ್ಟೇ ಅಂದ್ಕೊಂಡಿದ್ದು. ಆ ಕಟ್ಟಡದೊಳಗೆ ಮಂಚ ಇದೆ, ಮಂಚದ ಮೇಲೆ ಜನ ಇದಾರೆ ಅಂತ ನನ್ನ ತಲೆಗೇ ಬರಲಿಲ್ಲ. ನನಗೆ ಕಂಡದ್ದು ನೀನೊಬ್ಬಳೇ.

ಅಳಬೇಡ. ಅಳು ಬರ್ತಿರೋದು ನನಗೆ, ನೀನ್ಯಾಕೆ...

ನಿನಗೆ ಗೊತ್ತಿತ್ತು. ಅಲ್ವಾ? ಮೆಟ್ಟಿಲು ಹತ್ತಿ ಹೋಗೋದರೊಳಗೆ ಪುಟ ತೆರೆದದ್ದು ನೋಡಿದಾಗಲೇ ಗೊತ್ತಾಯ್ತು ನಿನಗೆ. ಇಷ್ಟು ದಿನ ಒಂದೇ ಮನೇಲಿ ತಿರುಗಾಡ್ತಾ, ನನಗೆ ಬಡಿಸ್ತಾ, ಒಂದು ಮಾತೂ ಆಡ್ಲಿಲ್ಲ. ನಾನೇ ಹೇಳ್ಲಿ ಅಂತ ಕಾದ್ಯಾ?

ಬಾಗಿಲು ತೆರೀತು. ಯಾರನ್ನ ಕರೀತಿದಾರೆ... ನಿನ್ನನ್ನ. ನಿನ್ನನ್ನೇ ಮೊದಲು.

ತಡಿ, ಒಂದು ಕ್ಷಣ ತಡಿ. ಡ್ರೈವರ್ ಹೆಂಡತಿ ನಮ್ಮನ್ನೇ ನೋಡ್ತಿದಾರೆ... ಕೈ ಬಿಡಿಸ್ಕೋಬೇಡ. ಕಂಪನಿ ಮಾತು ಬೇಡ, ಬಿಡು, ಏನೂ ಹೇಳ್ಬೇಡ ಅಂತ ಕೂಡ ಅನ್ನಲ್ಲ. ಏನು ಹೇಳ್ತೀಯ ಅಂತ ನನಗೊಂದು ಮಾತು ಹೇಳಿ ಹೋಗು. ನನಗೆ ತುಂಬಾ ಹೆದರಿಕೆ ಆಗ್ತಿದೆ ಕಣೇ. ಹೂಂ ಅನ್ನು, ಊಹೂಂ ಅನ್ನು. ನೋಡ್ತೀನಿ... ನೋಡ್ತೀನಿ ಅಂತಾದ್ರೂ ಅನ್ನೇ!