ತಿಮ್ಮವ್ವನ ಕಣ್ಣೂ ನಾನು ಹತ್ತಿದ ಮರವೂ

...ಅಲ್ಲ ಕಣ್ರಪ್ಪ, ನನ್ನ ಮಾತಿಗೆ ಎತ್ತೂ ನಗುತ್ತೆ ಅಂತ ಜನ ಸುಮ್ಸುಮ್ನೆ ಹೇಳ್ತಿರ್ಲಿಲ್ಲ. ಬಿಳಿಗೆರೆಯಿಂದ ಹೊನ್ನವಳ್ಳಿವರೆಗೂ ನನ್ನಂಥ ಬಾಯಿ ಇನ್ನೊಂದಿರ್ಲಿಲ್ಲ. ತಿಮ್ಮವ್ವನ್ನ ಕಣ್ಣಿನ ಆಪರೇಶನ್ನಿಗೆ ಒಪ್ಸಿದ್ದೂ ಆ ಬಾಯೇ. ಕೊಬ್ರಿ ಒಡೆಯೋ ತಿಮ್ಮವ್ವ, ಗೊತ್ತಲ್ಲ? ಎಲ್ಲಿ ಗೊತ್ತಿರುತ್ತೆ, ನೀವಿನ್ನೂ ಹುಟ್ಟೇ ಇರ್ಲಿಲ್ಲ. ಕಾಯಿ ಕಿವಿ ಹತ್ರ ಅಲ್ಲಾಡ್ಸಿ, ಒಳಗೆ ಲೊಟಲೊಟ ಅಂದ್ರೆ 'ಒಣಗೈತೆ, ಒಡೀರಿ' ಅನ್ನೋಳು. ಚಿಪ್ಪಿನ ಚೂರು ಸಿಡಿದು ಒಂದು ಕಣ್ಣು ಚಿಕ್ಕ ವಯಸ್ಸಲ್ಲೇ ಹೋಗಿತ್ತು. ಉಳಿದಿದ್ದೊಂದಕ್ಕೆ ಪೊರೆ ಬಂತು. ಒಣಗಿದ್ದು ಕಿವಿಗೆ ಗೊತ್ತಾಗ್ತದೆ, ಕೊಬ್ರಿ ಕೆಟ್ಟಿದ್ರೆ ಮೇಲೆ ಬರೋ ಕಪ್ಪು ಚುಕ್ಕಿ ಕಿವಿಗೆ ಕಾಣ್ತದಾ? ಕೆಲಸ ಬಿಡಿಸಿದ್ರು. ಹಿಂದೆ ಮುಂದೆ ಯಾರೂ ಇಲ್ಲ, ದುಡಿದ್ರೆ ಊಟ.

ಆಗ ತಿಪಟೂರಿನ ಸ್ಕೂಲಲ್ಲಿ ಕಣ್ಣಿನ ಕ್ಯಾಂಪು, ಪುಕ್ಕಟೆ ಆಪರೇಶನ್ನು. 'ಕಣ್ಣಿಗೆ ಚಾಕು ಹಾಕ್ತಾರಂತೆ, ನಾನು ಬರಾಕಿಲ್ಲ ಕಣ್ಲಾ' ಅಂದ್ಲು. 'ನನ್ನ ಕಂಡ್ರೆ ಡಾಕ್ಟ್ರೇ ನಡುಗ್ತಾರೆ, ಬಾರವ್ವ' ಅಂತ ನಮ್ಮ ಗಾಡಿ, ನಮ್ದಲ್ಲ, ಭಾವಂದು, ಅದಕ್ಕೆ ಹತ್ತಿಸ್ಕೊಂಡು ಹೋದೆ. ಆಪರೇಶನ್ ಚೆನ್ನಾಗೇ ಆಯ್ತು, ಡಾಕ್ಟ್ರದ್ದು ಒಂದಿಷ್ಟೂ ತಪ್ಪಿಲ್ಲ. ನರ್ಸಮ್ಮ ನನ್ನ ಮುಖ ನೋಡ್ಕೊಂಡೇ ಹೇಳಿದ್ಲು: 'ಹೊಲಿಗೆ ಹಸಿ ಇದೆ. ಕೆಮ್ಮಬಾರ್ದು, ತಲೆ ಅಲ್ಲಾಡಿಸಬಾರ್ದು, ಅಳಬಾರ್ದು, ನಗಲೂಬಾರ್ದು.'

ಮಾರನೇ ದಿನ ಮಧ್ಯಾಹ್ನ ತಿಮ್ಮವ್ವ ಪಟ್ಟಿ ಕಟ್ಟಿದ ಕಣ್ಣಲ್ಲೇ ಬಿಕ್ಕೋಕೆ ಶುರುಮಾಡಿದ್ಲು. 'ಈ ಕತ್ತಲು ಹೋಗ್ದೇ ಇದ್ರೆ ಏನ್ಲಾ ಮಾಡ್ಲಿ?' ಅಳಬಾರ್ದು ಅಂದಿದ್ದು ನೆನಪಾಯ್ತು ನಂಗೆ, ನಗಬಾರ್ದು ಅಂದಿದ್ದು ನೆನಪಾಗ್ಲಿಲ್ಲ. ಇಲ್ಲ, ಸುಳ್ಯಾಕೆ, ನೆನಪಿತ್ತು. ನಗೋದ್ರಿಂದ ಯಾರಿಗೇನಾಗ್ತದೆ ಅಂದ್ಕೊಂಡೆ. 'ಅವ್ವ, ಒಂದ್ಸಲ ಒಂದು ತೆಂಗಿನಮರ ಹತ್ತಿದ್ದೆ. ಎಷ್ಟೆತ್ತರ ಅಂತೀಯ, ಮೇಲಿಂದ ಎಳನೀರು ಕಿತ್ತು ಬಿಟ್ರೆ ನೆಲಕ್ಕೆ ಬೀಳೋ ಹೊತ್ಗೆ ಒಣಗಿ ಕೊಬ್ರಿ ಆಗಿರೋದು!'

ಮೊದ್ಲು ಗಂಟಲಲ್ಲೇ ಗುಳುಗುಳು ಅಂದ್ಲು. ಆಮೇಲೆ ಮೈಯೆಲ್ಲ ಕುಲುಕ್ಕೊಂಡು ನಕ್ಲು ಕಣ್ರಪ್ಪ, ಹಾಗೆ ನಕ್ಕಿದ್ದು ನಾನು ಕಂಡಿರ್ಲಿಲ್ಲ. ನಗ್ತಾ ನಗ್ತಾನೇ 'ಅಯ್ಯಪ್ಪಾ' ಅಂತ ಕಣ್ಣು ಹಿಡ್ಕೊಂಡ್ಲು. ಡಾಕ್ಟ್ರು ಓಡಿ ಬಂದ್ರು. ಬಿಟ್ಟ ಹೊಲಿಗೇನ ಮತ್ತೆ ಹಾಕಿದ್ರು. ಕಣ್ಣು ಉಳೀಲಿಲ್ಲ.

ವಾಪಸ್ ಬರೋವಾಗ ಗಾಡಿ ಹೊಡೀತಿದ್ದೆ, ಈ ಬಾಯಲ್ಲಿ ಒಂದು ಮಾತಿಲ್ಲ. ಹಿಂದಿಂದ ಅವಳೇ ಕೇಳಿದ್ಲು: 'ಲೇ, ಯಾಕ್ಲಾ ಸುಮ್ಕಿದ್ದೀಯ? ಅಷ್ಟೆತ್ತರದಿಂದ ಹೆಂಗಿಳಿದೆ ಅಂತ ಹೇಳ್ಲೇ ಇಲ್ವಲ್ಲ.'

'ಇನ್ನೂ ಇಳಿದಿಲ್ಲ ಕಣವ್ವ' ಅಂದೆ.

ತಡಕಾಡಿ ನನ್ನ ಬೆನ್ನು ಸವರಿದ್ಲು. 'ಬುಡು' ಅಂದ್ಲು.

ಕಾಯಿಲೆ ಬಿದ್ದು ಮಲಗಿರೋರ ಹತ್ರ ಹೋದ್ರೆ ಸುಮ್ನೆ ಕೈ ಹಿಡ್ಕೊಂಡು ಕೂತ್ಕೊಳ್ರಪ್ಪ, ಸಾಕು. ಏಳಿ, ಉಣ್ಣೋಗಿ.