ಸೀರಿ ಉಟ್ಟ ಇಟಲಿ ಸ್ಕೂಟರ್

…ಅಲ್ಲ, ಆ ಫೋಟೋದಾಗ ಅಜ್ಜಿ ಯಾಕ ಹುಣಸೀಹಣ್ಣು ಕಚ್ಚಿದಾಕಿ ಹಂಗ ಮಾರಿ ಮಾಡ್ಯಾಳ ಅಂತ ನನ್ನ ಕೇಳ್ತೀಯಲ್ಲ ಪವನ, ನಿಮ್ಮಪ್ಪನ್ನ ಕೇಳಿದ್ಯೇನು? ಕೇಳಿದ್ರೂ ಹೇಳೂದಿಲ್ಲ ಅಂವ. ನಾ ಹೇಳ್ತೀನಿ, ಕುಂದ್ರು. ಅಲ್ಲಿ ಬ್ಯಾಡ, ಗ್ರಿಲ್ಲಿಗೆ ಬೆನ್ನು ಹಚ್ಚಿ ಕುಂದ್ರಬ್ಯಾಡ, ಈ ಬಾಲ್ಕನಿ ಗ್ರಿಲ್ ಮ್ಯಾಲೆ ನನಗ ನಂಬಿಗಿ ಇಲ್ಲ. ಹೊಸಾ ಬಣ್ಣ ಹಚ್ಚ್ಯಾರ ನೋಡು. ಯಾಕ ಹಚ್ಚ್ಯಾರ? ಒಳಗ ಏನೋ ಇರಬೇಕು. ನಗಬ್ಯಾಡ ಅದಿತಿ. ನಿಮ್ಮವ್ವ ವಿದ್ಯಾನೂ ಹಿಂಗ ನಗತಾಳ, "ಅತ್ತಿ, ನೀವು ಲಿಫ್ಟಿನ ಮ್ಯಾಲೂ ಸಂಶೇ ಪಡ್ತೀರಿ" ಅಂತ. ಪಡ್ತೀನಿ. ಹಗ್ಗ ಕಾಣೂದಿಲ್ಲ, ಬರೇ ಒಂದು ಕೆಂಪು ಅಂಕಿ ತೋರಿಸಿ ಮ್ಯಾಲೆ ಹೊಂಟೈತಿ ಅಂತಾರ, ಅದನ್ನ ಹೆಂಗ ನಂಬೂದು?

ಆ ವರ್ಷ ನಮ್ದು ಸುಮಾರಿತ್ತು. ಸುಮಾರೇನು, ಕೆಟ್ಟ ವರ್ಷ. ನೀವು ಸಣ್ಣಾವ್ರು, ಎಲ್ಲಾರೂ ಒಂದ ಕೋಣ್ಯಾಗ ಮಲಗೂದು ನಿಮಗ ಪಿಕ್‌ನಿಕ್ ಆಗಿತ್ತು. ನಿಮ್ಮಪ್ಪ ಬಸುನ ಕಂಪನಿಯವ್ರು ಒಂದಿನ ಹತ್ತಾರು ಮಂದೀನ ಕರದು ಖಲಾಸ್ ಅಂದ್ರು. ಫ್ಲ್ಯಾಟ್ ಬಿಟ್ವಿ, ಪಾರ್ಟಿಷನ್ ಕೋಣಿಗೆ ಬಂದ್ವಿ. ಒಂದು ಹಾಲಿನ ನಡುವ ಪ್ಲೈವುಡ್ ಹೊಡದು ಮೂರು ಸಂಸಾರ ಇಡ್ತಾರಲ್ಲ, ಅದು. ಆ ಕಡೆ ಮನಿಶ್ಯಾ ಕೆಮ್ಮಿದ್ರ ಈ ಕಡೆ ನನ್ನ ಕಪ್ಪಿನ್ಯಾಗ ಚಹಾ ಅಲುಗತಿತ್ತು. ಅಡಿಗಿ ಮಾಡಾಕ ಪಾಳಿ. ನನ್ನ ಬ್ಯಾಳಿ ಕುದಿಯೂದ್ರಾಗ ಮುಂದಿನಾಕಿ ಪಾತೇಲಿ ಹಿಡಕೊಂಡು ಬಂದು ನಿಂತಿರಾಕಿ, "ಆಂಟಿ, ಯಲ್ಲಾ ಯಲ್ಲಾ", ಲಗೂನ ಮುಗಸು ಅಂತ. ನಿಮ್ಮಪ್ಪನ ವೀಸಾ ರದ್ದಾಗಿತ್ತು. ಇಷ್ಟು ದಿನದಾಗ ಬ್ಯಾರೆ ಕೆಲಸ ಹುಡುಕಬೇಕು, ಇಲ್ಲಂದ್ರ ಗಂಟು ಕಟ್ಟಬೇಕು. ಅಂವ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತಿರುವಿ ಹಾಕಿಬಿಟ್ಟಿದ್ದ, ನೋಡಾಕ ಆಗೂದಿಲ್ಲ ಅಂತ. ಆವಾಗ ಸಿಕ್ಕಾಂವ ಈ ಗಿರೀಶ.

ಗಿರೀಶ ಅಂದ್ರ ದುಬೈದಾಗ ಹಳೇ ಇಟಲಿ ಸ್ಕೂಟರ್ ತರಿಸಿ, ಹೊಸಾದರಂಗ ಮಾಡಿ, ಶೌಕೀನ್ ಮಂದಿಗೆ ಮಾರಾಂವ. ನಮ್ಮ ಕಡ್ಯಾಂವ, ಗದಗಿನಾಂವ. "ಬಸಣ್ಣ, ನೀ ಹುಬ್ಬಳ್ಳಿ ಸ್ಕೂಟರ್ ಮೇಸ್ತ್ರಿ ಮಗ. ನಿನಗ ವೀಸಾ ಕೊಡಲಿಲ್ಲಂದ್ರ ಇನ್ಯಾರಿಗೆ ಕೊಡ್ಲಿ?" ಅಂದ. ಮನ್ಯಾಗ ಎಲ್ಲಾರೂ ದೇವ್ರ ಬಂದಂಗ ಮಾಡಿದ್ರು. ನನಗ ಮಾತ್ರ ಸಂಶೇ ಬಂತು. ಪರದೇಶದಾಗ ಒಬ್ಬಾಂವ ನಮ್ಮ ಭಾಷಾದಾಗ ಇಷ್ಟು ಬೆಲ್ಲ ಹಾಕಿ ಮಾತಾಡಿದ್ರ, ನಾ ಮೊದಲ ನನ್ನ ಚೀಲದ ಗುಂಡಿ ಹಾಕ್ಕೋತೀನಿ.

ಮೇಸ್ತ್ರಿ ಅಂದ್ನಲ್ಲ, ಅದು ನಿಮ್ಮಜ್ಜ. ಹುಬ್ಬಳ್ಳ್ಯಾಗ ನಮ್ಮ ಮನಿ ಮುಂದಿನ ಕಟ್ಟೀನ ಅವ್ರ ಗ್ಯಾರೇಜು. ನಾ ಮದವಿ ಆಗಿ ಬಂದು ವಾರ ಆಗಿರಲಿಲ್ಲ, ಸ್ಕೂಟರಿನ ಪುರಾಣ ಸುರು ಮಾಡಿದ್ರು. ಇಟಲಿದಾಗ ಮಹಾಯುದ್ಧ ಮುಗಿದಿತ್ತಂತ. ವಿಮಾನ ಮಾಡೂ ಕಾರ್ಖಾನಿಗೆ ಇನ್ನ ವಿಮಾನ ಮಾಡಬ್ಯಾಡ್ರಿ ಅಂದ್ರಂತ. ರಸ್ತೆಲ್ಲಾ ಬಾಂಬ್ ಬಿದ್ದು ಹಾಳು, ಮಂದಿಗೆ ಅಗ್ಗದ ಗಾಡಿ ಬೇಕಿತ್ತು. ಆ ಕೆಲಸ ಒಬ್ಬ ವಿಮಾನದ ಎಂಜಿನಿಯರನ ಕೊರಳಿಗೆ ಬಿತ್ತಂತ, ಅಂವಗ ನೋಡಿದ್ರ ಮೋಟರ್‌ಸೈಕಲ್ ಕಂಡ್ರ ಆಗ್ತಿರಲಿಲ್ಲ! ಚೈನಿನ ಎಣ್ಣಿ ಪ್ಯಾಂಟಿಗೆ ಹತ್ತತೈತಿ, ಕಾಲು ಎತ್ತಿ ದಾಟಿಸಿ ಹತ್ತಬೇಕು, ಪಂಕ್ಚರ್ ಆದ್ರ ಗಾಲಿ ಬಿಚ್ಚೂದ್ರಾಗ ಜೀವ ಹೋಗತೈತಿ ಅಂತ. ಅದಕ್ಕ ಅಂವ ಚೈನ್ ತಗದ, ಎಂಜಿನ್ ಒಯ್ದು ಹಿಂದಿನ ಗಾಲಿ ಮಗ್ಗಲಕ ಕುಂದರಿಸಿದ, ಗೇರು ಕೈಯಾಗ ಕೊಟ್ಟ, ಮುಂದ ಕಾಲಿಡಾಕ ಅಂಗಳ ಬಿಟ್ಟ, ಲಂಗದ ಹೆಣ್ಣಮಕ್ಕಳು, ನಿಲುವಂಗಿ ಪಾದ್ರಿಗಳು ಎಲ್ಲಾರೂ ಹತ್ತಲಿ ಅಂತ. ಮುಂದಿನ ಗಾಲಿಗೆ ಒಂದ ಕಡೆ ತೋಳು, ವಿಮಾನದ ಗಾಲಿಗೆ ಇದ್ದಂಗ. ನಾ ಒಂದೂ ನಂಬಲಿಲ್ಲ. ವಿಮಾನ ಮಾಡಾವ್ರು ಸ್ಕೂಟರ್ ಯಾಕ ಮಾಡ್ತಾರ, ಹೊಸಾ ಹೆಂಡ್ತಿ ಮುಂದ ಬುರುಡಿ ಬಿಡಾಕತ್ತಾರ ಅಂದ್ಕೊಂಡೆ. ನಿಮ್ಮಜ್ಜ ಪಾನಾ ನನ್ನ ಕೈಯಾಗ ಕೊಟ್ಟು, "ಈ ಗಾಲಿ ಬಿಚ್ಚು" ಅಂದ್ರು. ನಾಕು ನಟ್ಟು, ಅಲ್ಲ, ಐದು, ಐದು ಬಿಚ್ಚಿದೆ. ಹಂಚಿನ ಮ್ಯಾಲಿಂದ ದ್ವಾಸಿ ತಗದಂಗ ಗಾಲಿ ಕೈಗೆ ಬಂತು. ಆಮ್ಯಾಲೆ ನಂಬಿದೆ. ಮುಂದ ಅವ್ರು ಕಾಲು ಮುರಕೊಂಡು ಆರು ತಿಂಗಳು ಹಾಸಿಗಿ ಹಿಡದಾಗ, ಅದ ಗಾಲಿ ಬಿಚ್ಚಿ ಹಾಕಿ ನಿಮ್ಮಪ್ಪಗ ಅನ್ನ ಹಾಕೀನಿ. ಅವ್ರು ಹೇಳಿದ ಇನ್ನೊಂದು ಮಾತು ಐತಿ, ಇದನ್ನ ನೆನಪಿಟ್ಕೋರಿ, ಮುಂದ ಬರತೈತಿ: "ಈ ಗಾಡಿಗೆ ಒಳಗ ಎಲುಬಿಲ್ಲ ಶಾಂತಾ. ಈ ತಗಡ ಇದರ ಚರ್ಮ, ಈ ತಗಡ ಇದರ ಎಲುಬು. ತಗಡು ಸತ್ರ ಗಾಡಿ ಸತ್ತಂಗ."

ಎಲ್ಲಿದ್ದೆ? ಹಾಂ, ಗಿರೀಶ. ನಿಮ್ಮಪ್ಪ ಕೆಲಸಕ್ಕ ಹೋಗಿ ನಾಕು ದಿನ ಆಗಿತ್ತು. ಐದನೇ ದಿನ ಗಿರೀಶನ ಫೋನು, "ಎಲ್ಲಾರೂ ಬರ್ರಿ, ಇವತ್ತ ಇಟಲಿ ರಾಣಿ ಅತ್ತಿಮನಿಗೆ ಹೊಂಟಾಳ" ಅಂತ. ಈ ಊರಿಂದ ಬಸ್ ಹತ್ತಿ ದುಬೈಗೆ ಹೋದ್ವಿ. ಶೋರೂಮ್ ಅಂದ್ರ ಫ್ರಿಜ್ಜಿನಂಗ ತಂಪು. ನಡುವ ನಿಂತೈತಿ ಸ್ಕೂಟರು, ಎಳೇ ಹಸಿರು ಬಣ್ಣ, ಮಾರಿ ಕಾಣೂ ಹಂಗ ಹೊಳಪು. ತಗೊಳ್ಳಾಕ ಬಂದಾವ್ರು ಭಟ್ಕಳದ ಇಸ್ಮಾಯಿಲ್ ಸಾಹೇಬ್ರು, ಅರಿವಿ ವ್ಯಾಪಾರಿ, ಬಿಳೇ ಗಡ್ಡ. ಅವ್ರ ಮ್ಯಾಲೂ ನನಗ ಸಂಶೇನ ಬಂತು, ಇಷ್ಟು ವಯಸ್ಸಾದ ಮ್ಯಾಲೆ ಸ್ಕೂಟರ್ ಯಾರಿಗೆ ಅಂತ. ಮೇಜಿನ ಮ್ಯಾಲೆ ಒಂದು ಕಾಗದ. ಇದು ಇಟಲಿದಾಗ ಹುಟ್ಟಿದ ಗಾಡಿ, ಬಾಡಿ ಗಟ್ಟಿ ಐತಿ, ನಾ ಪೂರಾ ನೋಡೀನಿ ಅಂತ ಬರದದ್ದು. ಮೇಸ್ತ್ರಿ ಅಂತ ನಿಮ್ಮಪ್ಪ ಸಹಿ ಮಾಡಬೇಕು. ಅಂವ ಸಹಿ ಮಾಡಿದ್ರ ನಾಳೆ ವೀಸಾಕ್ಕ ಹಾಕ್ತೀನಿ ಅಂದಿದ್ದ ಗಿರೀಶ.

"ಅಜ್ಜಿ, ಚಂದ ಸೀರಿ ಉಟ್ಟೀರಿ, ರಾಣಿ ಮ್ಯಾಲೆ ಕುಂದ್ರರಿ, ಒಂದು ಫೋಟೋ" ಅಂದ. ಕುಂತೆ. ನಾ ಮೂವತ್ತು ವರ್ಷ ನಿಮ್ಮಜ್ಜನ ಹಿಂದ ಅಡ್ಡ ಕುಂತಾಕಿ. ನಾ ಕುಂತ್ರ ಸಾಕು, ಎಡಗಾಲು ತನ್ನಷ್ಟಕ್ಕ ತಾನ ಕೆಳಗ ಹುಡುಕತೈತಿ. ಏನ ಹುಡುಕತೈತಿ? ಇದ ನಮೂನಿ ಗಾಡಿ ನಮ್ಮ ದೇಶದಾಗೂ ಮಾಡ್ತಿದ್ರು, ಅಲ್ಲಿ ಸೀರಿ ಉಟ್ಟು ಅಡ್ಡ ಕುಂದ್ರಾವ್ರಿಗಂತ ಎಡಗಡೆ ಕೆಳಗ ಒಂದು ಕಬ್ಬಿಣದ ಪಟ್ಟಿ ಹಾಕಸ್ತಿದ್ರು, ಕಾಲಿಡಾಕ, ಮಡಚೂದು, ಎರಡು ಬೋಲ್ಟ್ ಬಿಗದದ್ದು. ಇದಕ್ಕ ಪಟ್ಟಿ ಇರಲಿಲ್ಲ. ಆದ್ರ ನನ್ನ ಕಾಲ ಹೆಬ್ಬೆರಳಿಗೆ ಬಣ್ಣದ ಕೆಳಗ ಎರಡು ಉಬ್ಬಿದ ಗುಬಟಿ ಸಿಕ್ವು, ತೂತು ಮುಚ್ಚಿದ ಗುಬಟಿ, ಇಷ್ಟ ಅಂತರ, ಅಲ್ಲೇ, ಅದ ಜಾಗಾದಾಗ. ಅಷ್ಟೊತ್ತಿಗೆ ನಿಮ್ಮವ್ವ ಫೋಟೋ ಹೊಡದಳು. ಅದ ಆ ಮಾರಿ.

"ವಾಟ್, ದಟ್ಸ್ ಆಲ್?" ಅಂತೀಯಾ? ಮುಂದ ಕೇಳು.

"ಗಿರೀಶಪ್ಪ, ಇಟಲಿದಾಗ ಹೆಣ್ಣಮಕ್ಕಳು ಸೀರಿ ಉಡ್ತಾರೇನು?" ಅಂದೆ. ಅಂವ ಮೊದಲ ನಕ್ಕ. ನಾ ಬಗ್ಗಿ ಆ ಗುಬಟಿ ಮ್ಯಾಲೆ ಬೆರಳಿಟ್ಟೆ. ನಗಿ ಹ್ವಾತು. ಸಣ್ಣ ದನೀಲೆ, "ಅಜ್ಜಿ, ಒಳಗ ಬರ್ರಿ, ಚಹಾ ಕುಡೀರಿ" ಅಂದ. ಖರೇ ಮನಿಶ್ಯಾ ಆಗಿದ್ರ ಸಿಟ್ಟಾಗ್ತಿದ್ದ. ಇಂವ ಚಹಾ ಅಂದ. ನಾ ನಿಮ್ಮಪ್ಪನ್ನ ಮಗ್ಗಲಕ ಕರದೆ. "ಬಸು, ಇದು ನಮ್ಮ ದೇಶದ ಗಾಡಿ. ಕಾಲಿಡೂ ಜಾಗಾದ ಮ್ಯಾಲಿನ ರಬ್ಬರ್ ಎತ್ತಿ ನೋಡೀಯೇನು?" "ಬಣ್ಣ ಬ್ಯಾರೆ ಕಡೆ ಹೊಡಸ್ಯಾರ ಅವ್ವ, ನಾ ಎಂಜಿನ್ ಅಷ್ಟ ನೋಡೀನಿ." "ಯಾಕ ನೋಡಲಿಲ್ಲ?" ಅಂವ ಪ್ಯಾಂಟಿಗೆ ಕೈ ಒರಸ್ಕೊಂಡ. ನೋಡಿದ್ರ ಕಾಣತೈತಿ ಅಂತ ನೋಡಿರಲಿಲ್ಲ, ನನಗ ತಿಳೀತು.

ಈಗ ಖರೇ ಹೇಳ್ತೀನಿ, ನಿಮ್ಮವ್ವನ ಮುಂದ ಹೇಳಬ್ಯಾಡ್ರಿ. ನಾನೂ ಸುಮ್ಮನಿರಬೇಕು ಅಂದ್ಕೊಂಡೆ. ಆ ಪ್ಲೈವುಡ್ಡು, ಆ ಕೆಮ್ಮು, ತಿರುವಿ ಹಾಕಿದ ಕ್ಯಾಲೆಂಡರ್ ಕಣ್ಣ ಮುಂದ ಬಂತು. ಇಟಲಿದಾಗ ಹುಟ್ಟಿದ್ರೇನು, ನಮ್ಮಲ್ಲಿ ಹುಟ್ಟಿದ್ರೇನು, ಗಾಡಿ ಗಾಡೀನ, ಸಾಹೇಬ್ರೇನು ಉಪಾಸ ಸಾಯ್ತಾರ? ಸುಮ್ಮನ, ಹೋಗೂ ಮುಂದ, ಕೈಯಾಗಿನ ಕೋಲಿನಿಂದ ಕಾಲಿಡೂ ಜಾಗಾದ ಮ್ಯಾಲೆ ಬಡದೆ. ಅಂಚಿಗೆ ಟಣ್ ಅಂತು. ನಡುವ, ರಬ್ಬರ್ ಇಲ್ಲದ ಕಡೆ ಬಡದೆ. ಧಪ್. ಮತ್ತ ಬಡದೆ. ಧಪ್. "ಅಜ್ಜಿ, ವೈ ಧಪ್?" ಅಂತೀಯಾ ಅದಿತಿ? ತಗಡಿಲ್ಲ ಅದಕ್ಕ. ಬರೇ ಪುಟ್ಟಿ, ಗ್ವಾಡಿ ಬಿರುಕಿಗೆ ತುಂಬತಾರಲ್ಲ, ಹಂತಾ ಮೆತ್ತನ ಮಸಾಲಿ, ಮ್ಯಾಲೆ ಬಣ್ಣ. ಎಲುಬಿಲ್ಲದ ಗಾಡಿ, ಚರ್ಮಾನೂ ಇಲ್ಲ.

"ಸಾಹೇಬ್ರ, ಗಾಡಿ ಓಡಸಾವ್ರು ಯಾರ್ರಿ?" ಅಂತ ಕೇಳಿದೆ.

"ನಾನಲ್ಲ ಅಮ್ಮ, ನನ್ನ ಮೊಮ್ಮಗ. ಇಪ್ಪತ್ತೆರಡು ಆಯ್ತು ಅವನಿಗೆ. ಯಾಕೆ ಮಾರಾಯ್ರೆ?"

ಗಿರೀಶ ಪೆನ್ನು ನಿಮ್ಮಪ್ಪನ ಕೈಗೆ ತುರುಕಿದ. "ಬಸಣ್ಣ, ಅಜ್ಜಿಗೆ ವಯಸ್ಸಾಗೈತಿ, ನೀ ಸಹಿ ಮಾಡು, ಯಲ್ಲಾ." ನಿಮ್ಮಪ್ಪ ನನ್ನ ನೋಡಿದ. ನಾ ಏನೂ ಅನ್ನಲಿಲ್ಲ, ದೇವರಾಣಿ, ಒಂದ ಮಾತು ಅನ್ನಲಿಲ್ಲ. ಅಂವ ಪೆನ್ನು ಕೆಳಗಿಟ್ಟ. ಮೊಣಕಾಲೂರಿ ಕುಂತು ರಬ್ಬರ್ ಎತ್ತಿದ, ಸ್ಕ್ರೂಡ್ರೈವರ್ ತಗೊಂಡು ಚುಚ್ಚಿದ. ಪೇಢೆಕ್ಕ ಚುಚ್ಚಿದಂಗ ಹಿಡಿಮಟ ಒಳಗ ಹ್ವಾತು. ಸಾಹೇಬ್ರು ಅದನ್ನ ನೋಡಿದ್ರು, ಗಿರೀಶನ್ನ ನೋಡಿದ್ರು, ಟೋಪಿ ಸರಿ ಮಾಡ್ಕೊಂಡು ಹೊರಗ ನಡದ್ರು. ಗಿರೀಶನ ಬೆಲ್ಲ ಕರಗಿತ್ತು. "ಖಲಾಸ್ ಬಸಣ್ಣ. ತಾಯಿ ಕರಕೊಂಡು ಹೋಗು."

ಮತ್ತ ಬಸ್ ಹತ್ತಿ ಆ ಪ್ಲೈವುಡ್ ಕೋಣಿಗೆ ಬಂದ್ವಿ. ನಿಮ್ಮವ್ವ ಎರಡು ದಿನ ನನಗ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಆಕೀದೂ ತಪ್ಪಿಲ್ಲ. ವೀಸಾದ ಗಡುವಿಗೆ ಇನ್ನ ಆರ ದಿನ ಉಳಿದಿತ್ತು. ಅಷ್ಟ್ರಾಗ ಇಲ್ಲೇ ಊರ ಹೊರಗಿನ ಬನಿಯಾಸ್‌ದಾಗಿನ ಲಾರಿ ಟೈರಿನ ಅಂಗಡಿಯಿಂದ ಫೋನ್ ಬಂತು, ನಮಗೊಬ್ಬ ಮೇಸ್ತ್ರಿ ಬೇಕು, ವೀಸಾ ನಾವ ಕೊಡ್ತೀವಿ ಅಂತ. ಅರ್ಜಿ ಹಾಕಿರಲಿಲ್ಲ, ಗುರ್ತಿನಾವ್ರಿಲ್ಲ, ಫೋನ್ ಹೆಂಗ ಬಂತು? ಹಬ್ಬಕ್ಕ ಖರ್ಜೂರ ಕಳಸ್ತಾರಲ್ಲ ಇಸ್ಮಾಯಿಲ್ ಸಾಹೇಬ್ರು, ಅವ್ರನ್ನ ಕೇಳಿದ್ರ "ನಂಗೇನೂ ಗೊತ್ತಿಲ್ಲ ಅಮ್ಮ" ಅಂತಾರ. ಅವ್ರ ಮ್ಯಾಲೆ ನನಗ ಇನ್ನೂ ಸಂಶೇ ಐತಿ.

ಇಷ್ಟ ನೋಡ್ರಿ. ಕೈ ಹಾಕಿ ನೋಡದ ಜಾಗಕ್ಕ ಸಹಿ ಹಾಕಬಾರದು. ಏ ಪವನ, ಆ ಗ್ರಿಲ್ ಬಿಟ್ಟು ಈ ಕಡೆ ಬಾ ಅಂದೆನಿಲ್ಲೋ, ಆ ನನ್ನ ಕೋಲು ಕೊಡು ಇಲ್ಲಿ.